ಮೊದಲ ಸೊಪ್ಪು

ದೊಡ್ಡಲಕ್ಷ್ಮಮ್ಮನ ಮನೆಯಲ್ಲಿ ಯಾವ ದೊಡ್ಡ ಮಾತಾದರೂ ಹುಳುಮನೆಯ ಬಾಗಿಲಲ್ಲೇ ತೀರ್ಮಾನವಾಗಬೇಕು. ಮಗನ ಮದುವೆ ಗೊತ್ತಾದದ್ದು ಅಲ್ಲೇ, ಗಂಡ ತೀರಿಹೋದ ವರ್ಷ ಬೋರ್ ಕೊರೆಸುವ ಮಾತು ಮುಗಿದದ್ದೂ ಅಲ್ಲೇ. ಮುದುಕಿ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು, ರೇಷ್ಮೆ ಹುಳುಗಳ ಮೇಲೊಂದು ಕಣ್ಣಿಟ್ಟು ಕೂರುತ್ತಿದ್ದಳು. ಮಿಕ್ಕವರು ಹೊರಗೆ ನಿಂತು ಮಾತಾಡಬೇಕು. ಮೊಮ್ಮಗಳು ಚೈತ್ರಾ ಸಿಇಟಿ ಬರೆಯುವುದು ಈ ವರ್ಷವೋ ಮುಂದಿನ ವರ್ಷವೋ ಎಂಬ ಪ್ರಶ್ನೆಯೂ ಹಾಗೇ ಆ ಬಾಗಿಲಿಗೆ ಬಂತು.

"ಮುಂದಿನ್ ವರ್ಸ ಬರೀಲಿ ಕಣ್ಲಾ," ಎಂದಳು ದೊಡ್ಡಲಕ್ಷ್ಮಮ್ಮ, ಮಗ ಶಿವಕುಮಾರನಿಗೆ. "ಪರೀಕ್ಸೆ ಎಲ್ಲಿಗೋಯ್ತದೆ? ವರ್ಸಾ ವರ್ಸಾ ಬತ್ತದೆ. ಹುಳ ಕಾಯ್ಕಂಡು ಕೂತಿರ್ತವಾ?"

ಶಿವಕುಮಾರ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಕಣ್ಣುಜ್ಜಿಕೊಳ್ಳುತ್ತಿದ್ದ. ಅವ್ವನ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಸಾಲದ್ದಕ್ಕೆ ಅವನ ಪಾಳಿಯ ಸೂಪರ್‌ವೈಸರ್ ಮನೋಹರ್ ಬೇರೆ ತಲೆಗೆ ಹುಳ ಬಿಟ್ಟಿದ್ದ. "ಮನೋಹರ್ ಸಾರ್ ಮಗನೂ ಒಂದ್ ವರ್ಸ ಡ್ರಾಪ್ ತಗಂಡು, ಕೋಚಿಂಗ್‌ಗೋಗಿ ಆಮ್ಯಾಕೆ ಬರೆದ್ನಂತೆ. ಆತುರ ಬಿದ್ದು ಬರೆಯೋಕಿಂತ ಅದೇ ವಾಸಿ ಅಂತಿದ್ರು."

"ಆತುರ ಎಲ್ಲಿ ಬಂತು?" ಎಂದಳು ಅವನ ಹೆಂಡತಿ ಲತಾಮಣಿ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇನ್ನೂ ತಲೆಯ ಮೇಲೇ ಇತ್ತು. "ಎರಡು ವರ್ಸದಿಂದ ಓದವ್ಳೆ. ಹಾಲ್ ಟಿಕೆಟ್ಟೂ ಬಂದೈತೆ. ಈಗ್ಲೇ ಬರೆದ್ರೆ ವೆಟರ್ನರಿ ಸೀಟು ಸಿಕ್ತದೆ ಅಂತ ಅವಳ ಲೆಕ್ಚರರ್ರೇ ಹೇಳವ್ರೆ. ಎರಡು ದಿನ ಕನಕಪುರಕ್ಕೆ ಹೋಗ್ ಬಂದ್ರೆ ಮುಗೀತು."

"ಆ ಎರಡು ದಿನಕ್ಕೇ ಹುಳ ಹಣ್ಣಾದ್ರೆ? ಯಾರ್ ಆಯ್ತಾರೆ, ನೀನಾ?"

ಲತಾಮಣಿ ಹೊರೆ ಇಳಿಸಲು ತಿರುಗಿದಳು. ಆ ಒಂದು ಪ್ರಶ್ನೆ ಕೇಳಿದರೆ ಸಾಕು ಸೊಸೆಯ ಬಾಯಿ ಮುಚ್ಚುತ್ತದೆ ಎಂಬುದು ಅತ್ತೆಗೂ ಚೆನ್ನಾಗಿ ಗೊತ್ತಿತ್ತು.

ಮರಳವಾಡಿಯ ಆ ಮನೆಯವರ ನಂಬಿಕೆ ಹೀಗೆ: ಮರಿಹುಳು ಮನೆಗೆ ಬಂದು, ಪೊರೆ ಬಿಟ್ಟು ಎದ್ದಾಗ ಅದಕ್ಕೆ ಮೊದಲ ಸೊಪ್ಪು ಯಾರ ಕೈಯಿಂದ ಬೀಳುತ್ತದೋ, ಆ ಬೆಳೆ ಪೂರ್ತಿ ಅವರ ಕೈಗುಣದ ಮೇಲೆ ನಿಂತಿರುತ್ತದೆ. ಹುಳು ಹಣ್ಣಾದಾಗ ಆಯಲೂ ಅದೇ ಕೈ ಮುಂದಿರಬೇಕು. ಲತಾಮಣಿ ಮದುವೆಯಾಗಿ ಬಂದ ವರ್ಷ, ಹೊಸ ಸೊಸೆ ಎಂದು ಅವಳ ಕೈಯಲ್ಲೇ ಮೊದಲ ಸೊಪ್ಪು ಹಾಕಿಸಿದ್ದರು. ಅದು ಚಳಿಗಾಲ. ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ತಟ್ಟೆಗಟ್ಟಲೆ ಹುಳು ಬೆಳ್ಳಗೆ ಗಟ್ಟಿಯಾಗಿ ಸತ್ತವು. ಆ ಚಳಿಗೆ ಊರಲ್ಲಿ ಅರ್ಧ ಮನೆಗಳ ಬೆಳೆ ಹಾಗೇ ಹೋಗಿತ್ತು. ಆದರೆ ಮಿಕ್ಕ ಮನೆಗಳಲ್ಲಿ ಚಳಿಯನ್ನು ಬೈದರು, ಇಲ್ಲಿ ಲತಾಮಣಿಯ ಕೈಯನ್ನು ಬೈದರು. ಅವತ್ತಿನಿಂದ ಅವಳು ಮೊದಲ ಸೊಪ್ಪು ಹಾಕುವಂತಿಲ್ಲ, ಗೂಡು ಕಟ್ಟಲು ಮಾಗಿದ ಹಣ್ಣು ಹುಳು ಮುಟ್ಟುವಂತಿಲ್ಲ. ನಡುವಿನ ಸೊಪ್ಪು ಕೊಯ್ಯುವುದು, ಹೊರುವುದು, ಹಿಕ್ಕೆ ಬಾಚುವುದು ಮಾತ್ರ ಧಾರಾಳವಾಗಿ ಅವಳ ಪಾಲು. ಕೆಟ್ಟ ಕೈ ಎನ್ನುವುದು ಕಸ ಬಾಚುವಾಗ ಯಾರಿಗೂ ನೆನಪಾಗುತ್ತಿರಲಿಲ್ಲ.

ಚೈತ್ರಾಳದು ಇದಕ್ಕೆ ತದ್ವಿರುದ್ಧ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಸುಮ್ಮನೆ ಸೊಪ್ಪು ಹಾಕಿದಳು, ಬೆಳೆ ಚಿನ್ನದಂತೆ ಬಂತು. ಅಲ್ಲಿಂದ ಮುಂದೆ ಒಂದು ಬೆಳೆಯೂ ಕೈಕೊಡಲಿಲ್ಲ. "ನನ್ ಮೊಮ್ಮಗಳ ಕೈಯಿ" ಎಂದು ದೊಡ್ಡಲಕ್ಷ್ಮಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಪಕ್ಕದ ಮನೆಯ ಸಿದ್ದಮ್ಮನೂ ತನ್ನ ಹುಳಕ್ಕೆ ಸೊಪ್ಪು ಹಾಕಿಕೊಡು ಎಂದು ಹುಡುಗಿಯನ್ನು ಕರೆದುಕೊಂಡು ಹೋಗುವಳು. ಚೈತ್ರಾ ಮೇಲೆ ಮೇಲೆ ಗೊಣಗುತ್ತಿದ್ದಳು. ಒಳಗೆ ಮಾತ್ರ ಅವಳಿಗೂ ಖುಷಿ, ಜೊತೆಗೆ ಒಂದು ಹೆದರಿಕೆ.

ಹುಳು ಹಣ್ಣಾದ ದಿನ ಆ ಮನೆಯಲ್ಲಿ ಊಟಕ್ಕೂ ಪುರಸೊತ್ತಿರುವುದಿಲ್ಲ. ಹುಳು ಮೇವು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ನೂಲು ಬಿಡಲು ಜಾಗ ಹುಡುಕುತ್ತದೆ. ಒಂದೊಂದನ್ನೂ ಆಯ್ದು, ಗೂಡು ಕಟ್ಟಲು ಬಿದಿರಿನ ಸುರುಳಿಗಳ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಕಡ್ಡಿಯ ಮೇಲೆ ದಂಡವಾಗುತ್ತದೆ. ಹಿಂದೆ ಆಳುಗಳು ಸಿಗುತ್ತಿದ್ದರು. ಈಗ ಬೆಳಗಾದರೆ ಕಾರ್ಖಾನೆಯ ಬಸ್ಸುಗಳು ಊರ ಬಾಗಿಲಿಗೇ ಬಂದು ಹೆಂಗಸರನ್ನೆಲ್ಲ ಹಾರೋಹಳ್ಳಿಗೆ ಹೊತ್ತೊಯ್ಯುತ್ತವೆ. ಸೊಸೆ ಮುಟ್ಟುವಂತಿಲ್ಲ. ಉಳಿದದ್ದು ಮುದುಕಿ, ಚೈತ್ರಾ, ಬಿಡುವಿದ್ದರೆ ಸಿದ್ದಮ್ಮ. ಅಂದರೆ ಚೈತ್ರಾಳಿಗೆ ಪರೀಕ್ಷೆ ತಪ್ಪುವುದು ಅವಳ ಒಳ್ಳೆಯ ಕೈಯಿಂದಷ್ಟೇ ಅಲ್ಲ, ಅಮ್ಮನ ಕೆಟ್ಟ ಕೈಯಿಂದಲೂ ಹೌದು. ಇದನ್ನು ಲತಾಮಣಿ ರಾತ್ರಿಗಟ್ಟಲೆ ಯೋಚಿಸಿದ್ದಳು.

ಅವಳು ಯೋಚಿಸುತ್ತಿದ್ದದ್ದು ಇನ್ನೊಂದೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಈ ಬೆಳೆಯ ಮೊದಲ ಸೊಪ್ಪಿನ ದಿನ ದೊಡ್ಡಲಕ್ಷ್ಮಮ್ಮ ತಮ್ಮನ ತಿಥಿಗೆಂದು ಚನ್ನಪಟ್ಟಣಕ್ಕೆ ಹೋಗಿದ್ದಳು. ಚೈತ್ರಾ ಕಾಲೇಜಿನಲ್ಲಿ ಮಾದರಿ ಪರೀಕ್ಷೆ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಬಂದು ಸೊಪ್ಪು ಹಾಕುವುದೆಂದು ಮಾತಾಗಿತ್ತು. ಮರಿಹುಳುಗಳು ಪೊರೆ ಬಿಡಲು ಮಂಕಾಗಿ ಮಲಗಿದ್ದವು. ಆ ಬಿಸಿಲಿಗೆ ಎಣಿಸಿದ್ದಕ್ಕಿಂತ ಬೇಗ ಎದ್ದುಬಿಟ್ಟವು. ಬಸ್ಸು ಬರಲಿಲ್ಲ. ಹುಳುಗಳು ತಟ್ಟೆಯ ಅಂಚಿಗೆ ಹರಿದು ಬಂದು, ತಲೆ ಎತ್ತಿ ಅತ್ತಿತ್ತ ಆಡಿಸಿದವು. ಲತಾಮಣಿ ಬಾಗಿಲಿಗೂ ರಸ್ತೆಗೂ ಓಡಾಡಿ ಸಾಕಾದಳು. ಹಸಿದ ಮಕ್ಕಳನ್ನು ಮುಂದೆ ಕೂರಿಸಿಕೊಂಡು ತಟ್ಟೆಯಲ್ಲಿ ಅನ್ನ ಮುಚ್ಚಿಟ್ಟ ಹಾಗಾಯಿತು ಅವಳಿಗೆ. ಕೊನೆಗೆ ಎಳೆ ಸೊಪ್ಪು ಹೆಚ್ಚಿ, ಕಣ್ಣು ಮುಚ್ಚಿಕೊಂಡು, ತಾನೇ ಹಾಕಿಬಿಟ್ಟಳು. ಅವು ತಿಂದು ಮುಗಿಸಿದ ಮೇಲೆ ಉಳಿದ ನಾರನ್ನೆಲ್ಲ ಆಯ್ದು ಹಸುವಿನ ಗೋದಲಿಗೆ ಹಾಕಿ, ತಟ್ಟೆಗಳಿಗೆ ಪೇಪರು ಮುಚ್ಚಿದಳು. ಸಂಜೆ ಬಂದ ಚೈತ್ರಾ ಕೈಕಾಲು ತೊಳೆದು, ಕೈಮುಗಿದು, 'ಮೊದಲ' ಸೊಪ್ಪು ಹಾಕಿದಳು.

ಅಂದಿನಿಂದ ಲತಾಮಣಿಗೆ ನಿದ್ದೆಯಿಲ್ಲ. ದಿನಾ ಬೆಳಿಗ್ಗೆ ಸತ್ತ ಹುಳು ಸಿಗುತ್ತದೆಂದೇ ತಟ್ಟೆ ನೋಡುವಳು. ಒಂದೂ ಸಾಯಲಿಲ್ಲ. ಬೆರಳ ಗಾತ್ರಕ್ಕೆ ಬೆಳೆದು, ಸೊಪ್ಪು ತಿನ್ನುವ ಸದ್ದು ಜಡಿಮಳೆಯಂತೆ ಕೇಳುವಷ್ಟಾದವು. "ಇಂಥಾ ಬೆಳೆ ನಾನ್ ಕಂಡಿಲ್ಲ. ಎಲ್ಲಾ ನನ್ ಮಗೀನ್ ಕೈಯಿ," ಎಂದು ಮುದುಕಿ ಹೇಳಿದಾಗಲೆಲ್ಲ ಲತಾಮಣಿ ಸೊಪ್ಪಿನ ಹೊರೆಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದಳು.

ಬಾಗಿಲ ಬಳಿಯ ಆ ಮಾತು ಕೊನೆಗೆ ಒಂದು ರಾಜಿಗೆ ಬಂತು. ಪರೀಕ್ಷೆ ಮುಗಿಯುವ ತನಕ ಹುಳು ಹಣ್ಣಾಗದಿದ್ದರೆ ಚೈತ್ರಾ ಹೋಗಲಿ. ಮೊದಲೇ ಹಣ್ಣಾದರೆ ಮುಂದಿನ ವರ್ಷ. ದೊಡ್ಡಲಕ್ಷ್ಮಮ್ಮನ ಲೆಕ್ಕದ ಪ್ರಕಾರ ಹುಳು ಹಣ್ಣಾಗುವುದು ಪರೀಕ್ಷೆ ಕಳೆದ ಮೇಲೆಯೇ. ಎಲ್ಲರೂ ಒಪ್ಪಿಕೊಂಡರು. ಬಿಸಿಲನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಆ ವರ್ಷದ ಏಪ್ರಿಲ್ ಬೆಂಕಿ ಸುರಿಸಿತು. ಸೆಕೆ ಏರಿದಷ್ಟೂ ಹುಳು ಬೇಗ ಹಣ್ಣಾಗುತ್ತದೆ. ಲತಾಮಣಿ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ಹುಳುಮನೆಯ ಕಿಟಕಿಗಳಿಗೆಲ್ಲ ಕಟ್ಟಿದಳು. ಅವು ಒಣಗಿದವು, ಮತ್ತೆ ಅದ್ದಿದಳು. ಸೂರಿನ ಮೇಲೆ ತೆಂಗಿನ ಗರಿ ಹೊದಿಸಿ ಅದಕ್ಕೂ ನೀರು ಚಿಮುಕಿಸಿದಳು. ಚೈತ್ರಾ ನಡುಮನೆಯಲ್ಲಿ ಕೂತು ಓದುತ್ತಾ, ಅಮ್ಮ ಕೊಡ ಹೊತ್ತು ಓಡಾಡುವುದನ್ನು ನೋಡುತ್ತಿದ್ದಳು.

"ಸಾಕು ಬುಡಮ್ಮ, ಸೊಂಟ ಬಿದ್ದೋಯ್ತದೆ."

"ನೀನ್ ಓದ್ಕೊ. ನನ್ ಸೊಂಟದ್ ಯೋಚ್ನೆ ನಿಂಗ್ಯಾಕೆ?"

ಪರೀಕ್ಷೆಯ ಹಿಂದಿನ ಸಂಜೆ ಮೂಲೆಯ ತಟ್ಟೆಯಲ್ಲಿ ನಾಲ್ಕಾರು ಹುಳು ಮೇವು ಬಿಟ್ಟಿದ್ದವು. ಲತಾಮಣಿ ನೋಡಿದಳು. ಅತ್ತೆ ನೋಡುವ ಮೊದಲೇ ಮೇಲೊಂದು ಹಿಡಿ ಸೊಪ್ಪು ಹರಡಿ ಬಂದಳು.

ಬೆಳಗಿನ ಜಾವ ಮುಚ್ಚಿಡಲು ಏನೂ ಉಳಿದಿರಲಿಲ್ಲ. ತಟ್ಟೆಗಳನ್ನು ಜೋಡಿಸಿದ ಅಟ್ಟದ ಉದ್ದಕ್ಕೂ ಹುಳುಗಳು ಹೊಳೆಯುವ ಮೈ ಎತ್ತಿ ನಿಂತಿದ್ದವು. ದೊಡ್ಡಲಕ್ಷ್ಮಮ್ಮ ಆಗಲೇ ಚಂದ್ರಿಕೆ ಇಳಿಸಿಕೊಳ್ಳುತ್ತಿದ್ದಳು.

"ಚೈತ್ರೀ, ಬಾ ಮಗ. ಬಟ್ಟೆ ಬದಲಾಯಿಸ್ಕೊಂಡು ಬಾ. ಹಣ್ಣಾಗ್ಬುಟ್ಟವೆ."

ಹೊಸ ಚೂಡಿದಾರ್ ಹಾಕಿ, ಹಾಲ್ ಟಿಕೆಟ್ಟಿನ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ ಹುಡುಗಿ ಬಾಗಿಲ ತನಕ ಬಂದು ಒಳಗೆ ಇಣುಕಿದಳು. ಶಿವಕುಮಾರ ಇನ್ನೂ ಪಾಳಿಯಿಂದ ಬಂದಿರಲಿಲ್ಲ. ಕನಕಪುರದ ಬಸ್ಸು ಹೊರಡುವ ಹೊತ್ತಾಗಿತ್ತು.

"ಅತ್ತೆ, ಅವಳು ಹೋಗ್ಲಿ," ಎಂದಳು ಲತಾಮಣಿ. "ಸಿದ್ದಮ್ಮಕ್ಕನ ಕರೀತೀನಿ. ಇವರೂ ಬತ್ತಾರೆ ಈಗ."

"ಮಾತಾಗಿತ್ತೋ ಇಲ್ವೋ? ಮೊದ್ಲೇ ಹಣ್ಣಾದ್ರೆ ಮುಂದಿನ್ ವರ್ಸ ಅಂತ? ಹಾಕಿದ್ ಕೈಯೇ ಎತ್ತಬೇಕು. ಕೈಯಿ ಬದಲಾದ್ರೆ ಇಷ್ಟು ಚೆಂದಾಗಿರೋ ಬೆಳೆ ಏನಾದಾತು ಅಂತ ನಿಂಗೊತ್ತಾ?" ಮುದುಕಿಯ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

ಲತಾಮಣಿ ಮಗಳ ಕಡೆ ತಿರುಗಿದಳು. ಜಗಳವಾಡುತ್ತಾಳೆ, ಅಳುತ್ತಾಳೆ, ಕಾಲು ಅಪ್ಪಳಿಸುತ್ತಾಳೆ ಎಂದುಕೊಂಡಿದ್ದಳು. ಚೈತ್ರಾ ಪ್ಲಾಸ್ಟಿಕ್ ಚೀಲವನ್ನು ಗೋಡೆಯ ಗೂಡಿನಲ್ಲಿಟ್ಟು ವೇಲನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಳು.

"ಹೋಗ್ಲಿ ಬುಡಮ್ಮ. ಮುಂದಿನ್ ವರ್ಸ ಬರಿತೀನಿ. ನಾನ್ ಹೋಗಿ ಹುಳ ಹಾಳಾದ್ರೆ ನನ್ ಕೈಲಿ ತಡ್ಕಳಕಾಗಲ್ಲ."

ಇದೇ ಮಾತನ್ನು, ಇಷ್ಟೇ ಮೆಲ್ಲಗೆ, ಮಾಗಡಿಯ ತವರುಮನೆಯಲ್ಲಿ ಲತಾಮಣಿಯೂ ಆಡಿದ್ದಳು. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬೇಕಾದ ವರ್ಷ ಮನೆಗೆ ತಾರಸಿಯ ಮೋಲ್ಡ್ ಹಾಕಿಸುತ್ತಿದ್ದರು. ಕೆಲಸದವರಿಗೆ ಅಡುಗೆ ಮಾಡುವವರಿಲ್ಲ, ಮುಂದಿನ ವರ್ಷ ಸೇರಿಕೊಳ್ಳುವಿಯಂತೆ ಎಂದರು ಅಪ್ಪ. ಹೋಗ್ಲಿ ಬುಡಪ್ಪ ಎಂದಿದ್ದಳು. ಯಾರ ಮೇಲೂ ಸಿಟ್ಟಿರಲಿಲ್ಲ, ಯಾರೂ ಕೆಟ್ಟವರಾಗಿರಲಿಲ್ಲ. ಮುಂದಿನ ವರ್ಷ ಅವಳು ಮರಳವಾಡಿಯಲ್ಲಿ ಸೊಪ್ಪು ಕೊಯ್ಯುತ್ತಿದ್ದಳು.

"ಅತ್ತೆ," ಎಂದಳು. "ಈ ಬೆಳೇಗೆ ಮೊದಲ್ ಸೊಪ್ಪು ಹಾಕಿದ್ದು ಚೈತ್ರಾ ಅಲ್ಲ. ನಾನು."

ಹುಳುಮನೆಯೊಳಗೆ ದೊಡ್ಡಲಕ್ಷ್ಮಮ್ಮನ ಕೈ ನಿಂತಿತು.

"ನೀವು ಚನ್ನಪಟ್ಟಣಕ್ಕೋಗಿದ್ರಿ. ಬಸ್ಸು ಬರ್ಲಿಲ್ಲ. ಹುಳ ಎದ್ಬುಟ್ಟಿದ್ವು, ಹಸ್ಕೊಂಡು ಹರೀತಿದ್ವು. ನೋಡಾಕಾಗ್ಲಿಲ್ಲ. ನಾನೇ ಹಾಕ್ದೆ. ಇವಳು ಬಂದು ಹಾಕಿದ್ದು ಎರಡನೇ ಸೊಪ್ಪು."

"ಸುಳ್ಳು," ಎಂದಳು ಮುದುಕಿ. "ಮಗಳ್ನ ಕಳಿಸಾಕೆ ಸುಳ್ಳೇಳ್ತಿದೀಯ. ನಿನ್ ಕೈಯಿ ಬಿದ್ದಿದ್ರೆ ಇವು ಇಷ್ಟ್ ಹೊತ್ಗೆ ಬದುಕಿರ್ತಿದ್ವಾ?"

ಲತಾಮಣಿ ಹೊಸ್ತಿಲು ದಾಟಿದಳು. ಮುಂದಿನ ತಟ್ಟೆಗೆ ಕೈ ಹಾಕಿ ಹಣ್ಣಾದ ಹುಳವೊಂದನ್ನು ಎತ್ತಿಕೊಂಡಳು. ಮದುವೆಯಾದ ವರ್ಷದ ಮೇಲೆ ಅವಳು ಹಣ್ಣು ಹುಳು ಮುಟ್ಟಿದ್ದು ಅದೇ ಮೊದಲು. ಅದು ಅಂಗೈಯಲ್ಲಿ ತಣ್ಣಗೆ, ಮೆತ್ತಗೆ ಕದಲಿತು.

"ಸುಳ್ಳಾದ್ರೆ ಇದು ನನ್ ಕೈಲೇ ಸಾಯ್ಲಿ," ಎಂದಳು. ಅಂಗೈಯನ್ನು ಅತ್ತೆಯ ಮುಖದ ಮುಂದೆ ಹಿಡಿದಳು.

ಮೂವರೂ ಆ ಹುಳವನ್ನೇ ನೋಡಿದರು. ಹುಳಕ್ಕೆ ಇವರ ಗೋಳೇನೂ ಗೊತ್ತಿರಲಿಲ್ಲ. ಅದು ತಲೆ ಎತ್ತಿ, ಅತ್ತ ಇತ್ತ ತಡಕಾಡಿ, ಲತಾಮಣಿಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಎಳೆ ನೂಲು ಬಿಟ್ಟಿತು.

"ಬುಡು!" ಎಂದು ಚೀರಿದಳು ದೊಡ್ಡಲಕ್ಷ್ಮಮ್ಮ. "ಬುಡು ಅದ್ನ! ಕೆಳಗಿಕ್ಕು! ನಂಗೆ ಗೊತ್ತಿಲ್ದಂಗೆ, ನನ್ ಮನೇಲಿ... ಈಚೆ ನಡಿ! ಇಬ್ಬರೂ ನಡೀರಿ. ತಾಯಿ ಮಗಳು ಯಾರೂ ನನ್ ಹುಳ ಮುಟ್ಬ್ಯಾಡಿ. ನನ್ ಕಣ್ ಮುಂದೆ ನಿಂತ್ಕಬ್ಯಾಡಿ!"

ಲತಾಮಣಿಗೆ ಅಷ್ಟು ಸಾಕಾಗಿತ್ತು. ಹುಳವನ್ನು ಚಂದ್ರಿಕೆಯ ಮೇಲೆ ಬಿಟ್ಟು, ಗೂಡಿನಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಮಗಳ ಕೈಗೆ ತುರುಕಿ, ಸೊಪ್ಪು ಹೊರುವ ಟಿವಿಎಸ್ ಗಾಡಿಯನ್ನು ಅಂಗಳದಿಂದ ತಳ್ಳಿಕೊಂಡು ಹೊರಟಳು. ಹೋಗುತ್ತಾ ಸಿದ್ದಮ್ಮನ ಬಾಗಿಲಿಗೆ ಒಂದು ಕೂಗು ಹಾಕಿದಳು. ಬಸ್ಸು ಹೋಗಿಬಿಟ್ಟಿತ್ತು.

ಚೈತ್ರಾಳನ್ನು ಹಿಂದೆ ಕೂರಿಸಿಕೊಂಡು ಲತಾಮಣಿ ಗಾಡಿಯಲ್ಲೇ ಕನಕಪುರದ ದಾರಿ ಹಿಡಿದಳು. ಆ ಗಾಡಿ ಎಷ್ಟು ಕಿವಿ ಹಿಂಡಿದರೂ ಸೊಪ್ಪಿನ ಹೊರೆಗೆ ಓಡಿದಷ್ಟೇ ಓಡುತ್ತಿತ್ತು. ಪರೀಕ್ಷಾ ಕೇಂದ್ರ ತಲುಪಿದಾಗ ಗೇಟಿನ ಒಂದು ಕದ ಆಗಲೇ ಮುಚ್ಚಿತ್ತು. ಕಾವಲಿನವರು ಓಲೆ, ಕ್ಲಿಪ್ಪು ಎಲ್ಲ ತೆಗೆಯಲು ಹೇಳಿದರು. ಚೈತ್ರಾ ಕಿವಿಯ ಓಲೆ ಬಿಚ್ಚಿ ಅಮ್ಮನ ಅಂಗೈಗೆ ಹಾಕಿದಳು. ಆಗ ಅವಳ ಕಣ್ಣು ತುಂಬಿ ಬಂತು.

"ಹಂಗಾದ್ರೆ ನನ್ ಕೈಲಿ ಏನೂ ಇರ್ಲಿಲ್ವಾ? ಇಷ್ಟ್ ವರ್ಸ ನಾನೇ ಅನ್ಕೊಂಡಿದ್ದೆ." ಮೂಗು ಒರೆಸಿಕೊಂಡಳು. "ಹೇಳಾದಿದ್ರೆ ಒಂದ್ ವಾರ ಮುಂಚೆ ಹೇಳ್ಬೇಕಿತ್ತು. ಪರೀಕ್ಷೆ ದಿನ ಬೆಳಿಗ್ಗೆ ಹೇಳ್ತಾರಾ ಯಾರಾದ್ರೂ?"

"ತಪ್ಪಾಯ್ತು ಕಣವ್ವ," ಎಂದಳು ಲತಾಮಣಿ. "ಒಳಗೋಗು. ಕದ ಹಾಕ್ತಾವ್ರೆ."

ಮಗಳು ಓಡಿದಳು. ಲತಾಮಣಿ ಎದುರಿನ ಹೊಂಗೆ ಮರದ ನೆರಳಲ್ಲಿ, ಬೇರೆ ಮಕ್ಕಳ ಅಪ್ಪ ಅಮ್ಮಂದಿರ ನಡುವೆ ಓಲೆಯನ್ನು ಬಿಗಿಯಾಗಿ ಹಿಡಿದು ಕೂತಳು. ಈಗ ಅವಳಿಗೆ ನಿಜವಾದ ಭಯ ಶುರುವಾಯಿತು. ಇಷ್ಟು ದಿನ ಚೆನ್ನಾಗಿದ್ದ ಹುಳು ಇವತ್ತು ಹಾಳಾದರೆ? ಆಯುವವರಿಲ್ಲದೆ ಹಾಳಾದರೂ ಸರಿ, ಸೆಕೆಗೆ ಹಾಳಾದರೂ ಸರಿ, ಹೆಸರು ಬರುವುದು ಅವಳ ಕೈಗೇ. ಸಾಯುವ ತನಕ ಆ ಮನೆಯಲ್ಲಿ ಅದನ್ನೇ ಕೇಳಬೇಕು. ಚೈತ್ರಾಳಂತೂ ತಪ್ಪು ತನ್ನದೇ ಎಂದುಕೊಳ್ಳುತ್ತಾಳೆ.

ಮಧ್ಯಾಹ್ನ ಶಿವಕುಮಾರನ ಫೋನ್ ಬಂತು.

"ಏನ್ ಮಾಡ್ದೆ ನೀನು? ಅವ್ವ ಬಾಯೇ ಬಿಡ್ತಿಲ್ಲ. ಅನ್ನ ಮುಟ್ಟಿಲ್ಲ. ಹುಳ ಆಯ್ತಾ ಕೂತವ್ಳೆ."

"ಹುಳ ಹೆಂಗವೆ?"

"ನಂಗೇನ್ ಗೊತ್ತಾಯ್ತದೆ? ನಾನೂ ಆಯ್ತಾ ಇವ್ನಿ. ಇಡು, ಅವ್ವ ನೋಡ್ತಾವ್ಳೆ."

ಫೋನ್ ಕಟ್ಟಾಯಿತು. ಮಗಳು ಬುತ್ತಿ ಉಣ್ಣಲು ಬಂದಾಗ ಲತಾಮಣಿ ಈ ಮಾತನ್ನು ಅವಳ ಮುಂದೆ ಎತ್ತಲಿಲ್ಲ. ಚೈತ್ರಾ ಅರ್ಧ ಚಿತ್ರಾನ್ನ ಬಿಟ್ಟು, "ಒಸಿ ಕಷ್ಟ ಇತ್ತು. ಆದ್ರೆ ಬರ್ದಿವ್ನಿ," ಎಂದಷ್ಟೇ ಹೇಳಿ ಎರಡನೇ ಪತ್ರಿಕೆಗೆ ಒಳಗೆ ಹೋದಳು.

ಊರು ತಲುಪಿದಾಗ ಸೂರ್ಯ ಇಳಿದಿದ್ದ. ಅಂಗಳದಲ್ಲಿ ಹುಳು ಬಿಟ್ಟ ಚಂದ್ರಿಕೆಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಲತಾಮಣಿ ಗಾಡಿ ನಿಲ್ಲಿಸಿದವಳೇ ಮೊದಲು ಅವುಗಳ ಹತ್ತಿರ ಹೋಗಿ ಬಗ್ಗಿದಳು. ಸುರುಳಿ ಸುರುಳಿಯಲ್ಲೂ ಹುಳುಗಳು ತೆಳು ಪರದೆಯೊಳಗೆ ತಲೆ ಆಡಿಸುತ್ತಾ ಗೂಡು ಕಟ್ಟುತ್ತಿದ್ದವು. ಸತ್ತದ್ದು, ಕರಗಿದ್ದು, ಬೆಳ್ಳಗಾದದ್ದು ಒಂದೂ ಇರಲಿಲ್ಲ. ಕೊನೆಯ ಚಂದ್ರಿಕೆಯ ತನಕ ನೋಡಿ ಮುಗಿಸಿಯೇ ಅವಳು ತಲೆ ಎತ್ತಿದಳು.

ಹುಳುಮನೆಯ ಬಾಗಿಲಲ್ಲಿ ದೊಡ್ಡಲಕ್ಷ್ಮಮ್ಮ ನಿಂತಿದ್ದಳು. ಬೆನ್ನು ನೆಟ್ಟಗಾಗುತ್ತಿರಲಿಲ್ಲ, ಬೆರಳುಗಳು ಊದಿಕೊಂಡಿದ್ದವು. ಒಳಗೆ ಶಿವಕುಮಾರ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದ. ಸಿದ್ದಮ್ಮ ಅವನ ಪಕ್ಕದ ತಟ್ಟೆಯಲ್ಲಿ ಹುಳು ಆಯುತ್ತಿದ್ದಳು. ಹಿಂದಿನ ಅಟ್ಟದಲ್ಲಿ ಇನ್ನೂ ತುಂಬಾ ತಟ್ಟೆಗಳು ಹಾಗೇ ಇದ್ದವು.

ಸೊಸೆ ಹೊಸ್ತಿಲ ಹೊರಗೇ ನಿಂತಳು. ಅತ್ತೆ ಬಹಳ ಹೊತ್ತು ಅವಳ ಮುಖ ನೋಡಲಿಲ್ಲ, ಕೈಯನ್ನು ನೋಡಿದಳು.

"ಕಾಲು ತೊಳ್ಕೊಂಡ್ಯಾ?"

"ಇಲ್ಲ. ಈಗ ತೊಳ್ಕೋತೀನಿ."

ದೊಡ್ಡಲಕ್ಷ್ಮಮ್ಮ ತಾನೇ ಚೊಂಬಿನಲ್ಲಿ ನೀರು ತಂದಳು. ಕಾಲಿಗೆ ಹುಯ್ದಳು. ಆಮೇಲೆ, "ಕೈ ನೀಡು," ಎಂದು ಕೈಗೂ ಹುಯ್ದಳು.

"ನಿನ್ ಕೈಯಿ ಹೆಂಗೋ ಏನೋ, ನಂಗೊತ್ತಿಲ್ಲ," ಎಂದಳು. ದನಿ ಇನ್ನೂ ಬಿರುಸಾಗಿಯೇ ಇತ್ತು. "ಹುಳ ಮಾತ್ರ ಚೆಂದಾಗವೆ. ಹಾಕಿದೋಳು ನೀನು, ಎತ್ತೋಳೂ ನೀನೇ ಆಗು. ಹಿಂದಿನ್ ಅಟ್ಟ ಹಂಗೇ ಬಿದ್ದೈತೆ. ನಂಗಿನ್ನು ಬಗ್ಗಾಕಾಗಲ್ಲ."

ಲತಾಮಣಿ ಒಳಗೆ ಬಂದಳು. ಅವಳ ಹಿಂದೆಯೇ ಚೈತ್ರಾ ಚಪ್ಪಲಿ ಬಿಟ್ಟು, ವೇಲು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಂದಿನಂತೆ ಹೊಸ್ತಿಲಿಗೆ ಕಾಲಿಟ್ಟಳು. ಅಜ್ಜಿ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ನೀನೆಲ್ಲಿಗೆ?"

"ಹುಳ ಆಯಾಕೆ."

"ನಾಳಿಕೂ ಐತಲ್ಲ ಪರೀಕ್ಸೆ? ನಿಂದೇನೂ ಕೆಲ್ಸ ಇಲ್ಲ ಇಲ್ಲಿ. ನಡಿ, ಓದ್ಕೊ ಹೋಗು."

ಚೈತ್ರಾ ಹೊಸ್ತಿಲ ಹೊರಗೆ ನಿಂತುಬಿಟ್ಟಳು. ಅವಳ ಬದುಕಿನಲ್ಲಿ ಆ ಬಾಗಿಲು ಅವಳಿಗೆ ಅಡ್ಡವಾದದ್ದು ಇದೇ ಮೊದಲು. ಅಮ್ಮ ಇಷ್ಟು ವರ್ಷ ಸೊಪ್ಪಿನ ಹೊರೆ ಹೊತ್ತು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, 'ನೀನಾದ್ರೂ ಕರಿ' ಎನ್ನುವಂತೆ ಒಳಗಿದ್ದ ಅಮ್ಮನನ್ನು ನೋಡಿದಳು.

ಲತಾಮಣಿ ಅವಳನ್ನು ಕರೆಯಲಿಲ್ಲ. ಮಗಳಿಗೆ ನೋವಾಯಿತೆಂದು ಅವಳಿಗೆ ಗೊತ್ತಾಯಿತು. ಆದರೂ ಬೆಳಗಿನಿಂದ ಹಿಡಿದುಕೊಂಡೇ ಇದ್ದ ಓಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಹಿಂದಿನ ಅಟ್ಟದ ಹತ್ತಿರ ಹೋಗಿ ಮಂಡಿಯೂರಿ ಕೂತಳು.

"ನಡುಮನೆ ಲೈಟ್ ಹಾಕ್ಕೊಂಡು ಕೂತ್ಕೊ ಮಗ," ಎಂದು ತಿರುಗದೆಯೇ ಹೇಳಿ ಮೊದಲ ಹುಳವನ್ನು ಕೈಗೆ ತೆಗೆದುಕೊಂಡಳು.